ಪುಟ್ಟಗಂಗಮ್ಮ ಗಾಳಿ ಕರೆಯಲಿಲ್ಲ

ಕಣದಲ್ಲಿ ಗಾಳಿ ಬಿದ್ದುಹೋಗಿ ರಾಗಿಯ ಹೊಟ್ಟು ಕಣ್ಣಿಗೇ ಬಿತ್ತು, ಸೆರಗಿನ ತುದಿಯಿಂದ ಒರೆಸಿಕೊಂಡು ಪುಟ್ಟಗಂಗಮ್ಮ ಮತ್ತೆ ಅತ್ತಲೇ ನೋಡಿದಳು, ಹಾಗಲವಾಡಿಯ ಗುಡ್ಡದ ಮೇಲಿನ ಕರೆಂಟಿನ ಗಾಳಿ ಫ್ಯಾನುಗಳಲ್ಲಿ ಉಳಿದವೆಲ್ಲ ಮೆಲ್ಲಗೆ ತಿರುಗುತ್ತಿವೆ, ಅದೊಂದು ಮಾತ್ರ ನಿಂತಿದೆ, ನಿಂತಿದೆ ಎಂದರೆ ಮಗಳು ಇನ್ನೂ ಮೇಲಿದ್ದಾಳೆ — ನಾವು ಹತ್ತೋಕ್ ಮುಂಚೆ ಅದನ್ನ ನಿಲ್ಸಿ ಲಾಕ್ ಮಾಡ್ತೀವಿ ಕಣಮ್ಮ, ಇಳಿದ್ ಮೇಲೇ ಬಿಡೋದು, ಎಂದು ಸುಶ್ಮಿತಾ ಬೆಳಿಗ್ಗೆ ಮುದ್ದೆ ಮುರಿಯುತ್ತ ಹೇಳಿದ್ದಳು, ರಿಪೇರಿ ಕೆಲಸಕ್ಕೆ ಸೇರಿದ ಮೇಲೆ ಮೊದಲ ಸಲ ಹತ್ತುವ ದಿನ, ಎರಡು ತುತ್ತು ತಿಂದಳೋ ಇಲ್ಲವೋ. ಗಂಡುಬೀರಿ, ಸೀಬೆ ಮರ ಹತ್ತಬೇಡ ಎಂದರೆ ತೆಂಗಿನ ಮರ ಹತ್ತಿದವಳು, ಈಗ ತೆಂಗಿನ ಮೇಲೆ ತೆಂಗು ನಿಲ್ಲಿಸಿದರೂ ಮುಟ್ಟದ ಎತ್ತರದಲ್ಲಿ, ರೆಕ್ಕೆಗಳ ಹಿಂದಿನ ಒಂದು ಡಬ್ಬದೊಳಗೆ, ಸ್ಪ್ಯಾನರ್ ಹಿಡಿದುಕೊಂಡು. ಗಾಳಿ ರೆಕ್ಕೆನ ನಿಧಾನಕ್ಕೆ ಸುತ್ತಿಸುತ್ತೆ, ಡಬ್ಬದೊಳಗಿನ ಗೇರ್‌ಬಾಕ್ಸು ಅದನ್ನೇ ಜೋರು ಮಾಡುತ್ತೆ, ಜನರೇಟರ್ ಕರೆಂಟ್ ಮಾಡುತ್ತೆ, ಕಂಬದೊಳಗಿನ ಕೇಬಲ್‌ನಲ್ಲಿ ಕೆಳಕ್ಕೆ ಬರುತ್ತೆ, ಅಷ್ಟೇ ಕಣಮ್ಮ — ಅಷ್ಟೇ ಅಂತೆ, ಹೊಟ್ಟು ಹಾರಿಸುವ ಗಾಳಿಗೆ ಇಷ್ಟೆಲ್ಲ ಬರುತ್ತದೆಂದು ಯಾರಿಗೆ ಗೊತ್ತಿತ್ತು. ಗಾಳಿ ಜೋರಾದ್ರೆ? ಜೋರಾದ್ರೆ ಇಳಿದ್ ಬರ್ತೀವಿ ಬಿಡಮ್ಮ.

ಏನೇ, ನಿಂತ್ಕಂಡೇ ನಿದ್ದೆ ಮಾಡ್ತಿದ್ದೀಯಾ, ಗಾಳಿ ಕರಿಯೇ, ಎಂದ ಕಣದ ಆಚೆ ಬದಿಯಿಂದ ಗಂಡ ಯಲ್ಲಯ್ಯ. ಕರೆಯುವುದು ಅವಳದೇ ಕೆಲಸ, ಮದುವೆಯಾಗಿ ಬಂದ ವರ್ಷವೇ ಅತ್ತೆ ಹೇಳಿದ್ದಳು, ನಿನ್ ಬಾಯಿಗೆ ಗಾಳಿ ಓಗೊಡ್ತದೆ ಕಣೇ, ಅಂದಿನಿಂದ ಪ್ರತಿ ಸುಗ್ಗಿಯಲ್ಲೂ ಮೊರ ಎತ್ತಿ ವಾಯುದೇವ್ರೇ ಬಾರಪ್ಪ ಎಂದು ಕೂಗುವುದು, ಊರವರು ತಮ್ಮ ಕಣಕ್ಕೂ ಕರೆದೊಯ್ದದ್ದುಂಟು, ಒಳಗೊಳಗೇ ಅವಳಿಗೂ ಜಂಬ. ಇವತ್ತು ಕೂಗಲು ಮನಸ್ಸಿಲ್ಲ, ಮಗಳು ಮೇಲಿರುವಾಗ ಕೂಗಿದರೆ, ಗಾಳಿ ಬಂದುಬಿಟ್ಟರೆ — ಕೂಗದಿದ್ದರೂ ಬಂತಲ್ಲ, ಹೊಂಗೆಯ ಎಲೆ ಅಲುಗಿತು, ಸೆರಗು ಎದ್ದಿತು, ಬಂತು ಬಂತು, ಸುರಿಯೇ, ಎನ್ನುತ್ತಿದ್ದಾನೆ ಯಲ್ಲಯ್ಯ, ಇವನಿಗೇನು, ರಾಗಿಯೊಂದೇ ಕಾಣುವುದು — ಅಲ್ಲ, ಬೆಳಿಗ್ಗೆಯಿಂದ ಇವನು ಗುಡ್ಡಕ್ಕೆ ಬೆನ್ನು ಹಾಕಿಯೇ ನಿಂತಿದ್ದಾನೆ, ನೋಡಲಾರದೆ, ಪಾಪ. ಮೊರ ತಲೆಯ ಮೇಲಿದೆ, ಹೋಗಪ್ಪ ವಾಯುದೇವ್ರೇ, ಇವತ್ತೊಂದಿನ ಹೋಗು, ರಾಗಿ ಹೊಟ್ಟಲ್ಲೇ ಇರ್ಲಿ, ನಾಳೆ ನಾನೇ ಕರೀತೀನಿ, ಎಂದಳು, ಬಾಯಿಬಿಟ್ಟೇ ಎಂದುಬಿಟ್ಟಳು, ಯಲ್ಲಯ್ಯ ಕೇಳಿಸಿಕೊಂಡ, ಬೈಯಲಿಲ್ಲ, ಮೆಲ್ಲಗೆ ಅವನೂ ಗುಡ್ಡದ ಕಡೆ ತಿರುಗಿದ, ಗಾಳಿ ಬೀಸುತ್ತಲೇ ಇದೆ, ಸುತ್ತಲಿನವೆಲ್ಲ ತಿರುಗುತ್ತಿವೆ, ಮಗಳಿರುವ ಫ್ಯಾನಿನ ಒಂದು ರೆಕ್ಕೆ ನೆಟ್ಟಗೆ ಮೇಲಕ್ಕೆ, ಎರಡು ಕೆಳಕ್ಕೆ, ನಿಂತಿದೆ, ನಿಂತೇ ಇದೆ.