ಒಪೊಂಗನ ದನಿಯ ಗಿಳಿಗೆ ಹೊಸ ಮನೆ

ಕುಮಾಸಿ ಊರಿನಲ್ಲಿ ಯಾರ ಮನೆಗೆ ಹೋದರೂ ಹೊಸಿಲಾಚೆ ನಿಂತು ‘ಆಗೋ’ ಎಂದು ಕೂಗಬೇಕು. ಒಳಗಿನಿಂದ ‘ಆಮೇ’ ಎಂದರೆ ಬರಬಹುದು. ಸೆರ್ವಾಳ ಮನೆಯಲ್ಲಿ ‘ಆಮೇ’ ಎನ್ನುತ್ತಿದ್ದುದು ಅವಳ ಗಂಡ ಒಪೊಂಗ್. ಅವನು ತೀರಿಕೊಂಡು ವರ್ಷಗಳಾದರೂ ಅದೇ ಗಡಸು ದನಿ ಬಂದವರನ್ನು ಕರೆಯುತ್ತಿತ್ತು. ಹೊಸಬರು ಒಳಗೆ ಬಂದು, ಯಜಮಾನನನ್ನು ಹುಡುಕಿ, ಜಗಲಿಯ ಪಂಜರದಲ್ಲಿ ಕೆಂಪು ಬಾಲದ ಬೂದು ಗಿಳಿಯನ್ನು ಕಂಡು ತಬ್ಬಿಬ್ಬಾಗುತ್ತಿದ್ದರು.

ಈಗ ದೂರದ ತೆಮಾ ಪಟ್ಟಣದಿಂದ ಮಗಳು ತನ್ನ ಜೊತೆಗೇ ಇರಲು ಕರೆದಿದ್ದಳು. ಮೊಮ್ಮಗನಿಗೆ ಉಬ್ಬಸ, ಗಿಳಿಯ ಗರಿಯ ಪುಡಿ ಆಗದು. ಸೆರ್ವಾ ಹೋಗಲೇಬೇಕು, ಗಿಳಿ ಹೋಗುವಂತಿಲ್ಲ.

“ಕೋಕೋ ತೋಟದಾಚೆ ಕಾಡಿಗೆ ಬಿಟ್ಟುಬಿಡ್ತೀನಿ ಕಣೆ,” ಎಂದಳು, ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡುವ ನೆರೆಮನೆಯ ದುಫಿಯೆಗೆ. “ಹಕ್ಕಿ ತಾನೆ, ಹಾರ್ಕೊಂಡು ಹೋಗುತ್ತೆ.”

“ನೀನು ಬೇಯಿಸಿಟ್ಟ ಬಾಳೆಕಾಯಿ ತಿಂದು ಬೆಳೆದಿರೋ ಹಕ್ಕಿ! ಕಾಡಲ್ಲಿ ಯಾರು ಬೇಯಿಸ್ತಾರೆ? ಹದ್ದು ಬಂದ್ರೂ ನೆಂಟರು ಅಂದ್ಕೊಳ್ಳುತ್ತೆ. ಬಲೆ ಹಾಕೋನು ‘ಆಗೋ’ ಅಂದ್ರೆ, ‘ಆಮೇ’ ಅಂತ ತಾನೇ ಕರೆಯುತ್ತೆ.”

ಸೆರ್ವಾಗೆ ನಗು ಬಂತು. ಹಿಂದೆಯೇ ಕಣ್ಣೀರೂ ಬಂತು.

“ಪೇಟೆಯ ವ್ಯಾಪಾರಿ ಕೇಳ್ತಿದ್ದ...”

“ಕೇಳದೆ ಇರ್ತಾನಾ? ಆಮೇಲೆ ಅದು ಯಾವ ದೇಶ ಸೇರ್ತೋ ದೇವರಿಗೇ ಗೊತ್ತು. ಕಾನೂನೂ ಒಪ್ಪಲ್ಲ. ಚೆನ್ನಾಗಿ ಸಾಕೋರ ಮನೆ ಹುಡುಕೋಣ.”

“ಬೇರೆ ಮನೆ ಸೇರಿ ನಮ್ಮ ಯಜಮಾನರ ದನಿ ಮರೆತುಬಿಟ್ರೆ, ದುಫಿಯೆ?”

“ಮರೀಬಹುದು,” ಎಂದಳು ದುಫಿಯೆ. “ಆದ್ರೆ ಬದುಕಿರುತ್ತೆ.”

ದುಫಿಯೆ ವನ್ಯಜೀವಿ ಕಚೇರಿಯವರನ್ನು ಕೇಳಿ, ಗಿಳಿಯನ್ನು ಬೇರೆ ಮನೆಗೆ ಕೊಡಲು ಒಪ್ಪಿಗೆ ಪಡೆದಳು. ವೈದ್ಯರು ಗಿಳಿಯನ್ನು ಪರೀಕ್ಷಿಸಿದರು. ದಿನವಿಡೀ ಮನೆಯಲ್ಲೇ ಹೊಲಿಗೆ ಹಾಕುವ, ಗಿಳಿ ಸಾಕಿ ಅಭ್ಯಾಸವಿದ್ದ ಅದೇ ಊರಿನ ಬೊಆತೆಮಾ ಅದನ್ನು ಸಾಕಲು ಒಪ್ಪಿಕೊಂಡಳು. ಸೆರ್ವಾ ಹಳೆಯ ಪಂಜರದ ಸಮೇತ ಗಿಳಿಯನ್ನು ಒಯ್ದು, ಹಲವು ಸಂಜೆ ಅಲ್ಲೇ ಕೂತು ಹೇಳಿಕೊಟ್ಟಳು:

“ಬೆಣ್ಣೆಹಣ್ಣು ಕೊಡಲೇಬೇಡ, ಗಿಳಿಗೆ ಅದು ವಿಷ. ಪೊರಕೆ ಕಂಡ್ರೆ ಹೆದರುತ್ತೆ.”

“ಗಂಡನ್ನೂ ಹಿಂಗೇ ನೋಡ್ಕೊಂಡಿದ್ಯಾ ಅಕ್ಕಾ?”

“ಅವರು ಪೊರಕೆಗೆಲ್ಲ ಹೆದರ್ತಿರಲಿಲ್ಲ ಬಿಡು.”

ಒಣಗಾಳಿಯ ಕಾಲಕ್ಕೆ ಸೆರ್ವಾ ತೆಮಾದಿಂದ ನೋಡಲು ಬಂದಳು. ಓಣಿಯಲ್ಲಿರುವಾಗಲೇ ಬೊಆತೆಮಾಳ ಮನೆಯಿಂದ ಗದರಿಕೆ ಕೇಳಿತು: “ಏಳ್ರೋ, ಕೈ ತೊಳ್ಕೊಳ್ರೋ! ಊಟ ಆರಿಹೋಗುತ್ತೆ!” ಹೊಲಿಗೆ ಕಲಿಯುವ ಹುಡುಗಿಯರು ದಡಬಡಿಸಿ ಎದ್ದರು. ಅದು ಒಪೊಂಗನ ದನಿಯಲ್ಲ, ಬೊಆತೆಮಾಳದೂ ಅಲ್ಲ. ಗಿಳಿಯ ಬಾಯಲ್ಲಿ ಸೆರ್ವಾಳದೇ ದನಿ. ಇಷ್ಟು ವರ್ಷ ತಾನು ಇಷ್ಟು ಜೋರಾಗಿ ಗದರುತ್ತಿದ್ದೆನೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ನಗುತ್ತಲೇ ಹೊಸಿಲಿನ ಬಳಿ ಬಂದು ‘ಆಗೋ’ ಎಂದಳು.

ನಿಮ್ಮ ಮನೆಯಲ್ಲೂ ಇನ್ನು ಸಾಕಲಾಗದ ಗಿಳಿ ಇದೆಯೇ? ಪಂಜರ ತೆರೆದು ಕೈತೊಳೆದುಕೊಳ್ಳಬೇಡಿ, ಸಿಕ್ಕವರಿಗೆ ಮಾರಬೇಡಿ. ಮೊದಲು ಅರಣ್ಯ ಇಲಾಖೆಯವರನ್ನೂ ಪಶುವೈದ್ಯರನ್ನೂ ಕೇಳಿ. ಅವರು ತೋರಿಸಿದ ಜಾಗವನ್ನು ನೀವೇ ಹೋಗಿ ನೋಡಿ. ಅದರ ಊಟ, ಭಯ, ಹಟ ಎಲ್ಲವನ್ನೂ ಬಾಯಿಬಿಟ್ಟು ಹೇಳಿ. ನಿಮ್ಮ ಕೈ ದಾಟಿದ ಮೇಲೂ ಅದಕ್ಕೆ ಬಹಳ ಆಯುಸ್ಸು ಉಳಿದಿರುತ್ತದೆ.