ಥಿನ್ನರ್‌ಗೂ ಜಗ್ಗದ ಕೆಂಪು

ನನ್ನ ಗಂಡ ಮನೆಗಳಿಗೆ ಬಣ್ಣ ಬಳಿಯುವವನು. ಕೆಮ್ಮು, ಜ್ವರ ಎಂದು ಮಲಗಿದವನ ಬೆನ್ನಿನ ತುಂಬ ಕೆಂಪು ಚುಕ್ಕೆ ಕಂಡು ನನಗೆ ಪಿತ್ತ ನೆತ್ತಿಗೇರಿತು. ಮೈಗೆ ಬಣ್ಣ ಮೆತ್ತಿಕೊಂಡೇ ಈಗಷ್ಟೇ ಒಗೆದು ಹಾಸಿದ ಹಾಸಿಗೆಯ ಮೇಲೆ ಬಿದ್ದುಕೊಂಡಿದ್ದಾನಲ್ಲ ಎಂದು, ಬಣ್ಣದ ಕಲೆ ತೆಗೆಯುವ ಅವನದೇ ಥಿನ್ನರ್‌ನಲ್ಲಿ ಬಟ್ಟೆ ಅದ್ದಿ ಗಸಗಸ ಉಜ್ಜಿದೆ.

“ಈ ವಾರವೆಲ್ಲಾ ನಾನು ಬಳಿದಿದ್ದು ಹಸಿರು ಕಣೆ,” ಎಂದು ಗೋಗರೆದ. ಕೇಳುವ ತಾಳ್ಮೆ ನನಗೆಲ್ಲಿತ್ತು?

ಡಾಕ್ಟರು ನೋಡಿ, “ವೈರಸ್ ಜ್ವರದ ಜೊತೆ ಬರೋ ದದ್ದು ಇದು. ಏನೂ ಹಚ್ಚಬೇಡಿ, ತಾನಾಗೇ ಹೋಗುತ್ತೆ. ಆದರೆ ಚರ್ಮ ಯಾಕೆ ಸುಲಿದಿದೆ?” ಎಂದರು. ನಾನು ಕಿಟಕಿಯ ಕಡೆ ತಿರುಗಿದೆ.

ಈಗ ಅದೇ ಕೆಮ್ಮು ನನಗೆ ಹತ್ತಿದೆ, ತೋಳಿನ ಮೇಲೆ ಅದೇ ಚುಕ್ಕೆಗಳು ಎದ್ದಿವೆ. ಗಂಡ ಥಿನ್ನರ್ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದಾನೆ.

“ಏನೂ ಹಚ್ಚಬೇಡಿ ಅಂದ್ರಲ್ಲ ಡಾಕ್ಟರು,” ಎಂದೆ.

“ನಂಗೆ ಕೇಳಿಸಲಿಲ್ಲ ಕಣೆ. ಆಗ ಬೆನ್ನು ಉರೀತಿತ್ತು.”