ಸೋಪಿನ ನೀರು

ಮೇಸ್ತ್ರಿಯ ಬಾಯಲ್ಲಿ ಉಳಿದದ್ದು ಒಂದೇ ಮಾತು: ‘ಸರಿ’. ಪಾರ್ಶ್ವವಾಯು ಬಡಿದು ಬಲಗೈ, ಬಲಗಾಲಿನ ಜೊತೆ ಮಿಕ್ಕ ಮಾತೆಲ್ಲ ಹೋಗಿತ್ತು. ಬೇಕಿದ್ದರೂ ಸರಿ, ಬೇಡದಿದ್ದರೂ ಸರಿ. ತಲೆಯಾಡಿಸಹೋದರೆ ಅದೂ ತನಗಿಷ್ಟ ಬಂದ ಕಡೆ ಆಡುತ್ತಿತ್ತು. ಜೀವಮಾನವೆಲ್ಲ ಯಾರು ಏನು ಮಾಡಿದರೂ ಸರಿಯಿಲ್ಲ ಎನ್ನುತ್ತಿದ್ದ ಮನುಷ್ಯನಿಗೆ ಇಂಥ ಗತಿ!

ಅಂದು ಸಂಜೆ ಮಗಳು ಎಳೆಗೂಸನ್ನು ಎತ್ತಿಕೊಂಡು ಬರುವವಳಿದ್ದಳು. ಕೋಣೆ ಚಳಿಗೆ ಕೊರೆಯುತ್ತಿತ್ತು. ಹೆಂಡತಿ ಮೂಲೆಯಲ್ಲಿದ್ದ ಗ್ಯಾಸ್ ಹೀಟರನ್ನೂ ಹೊಸ ಸಿಲಿಂಡರನ್ನೂ ಮೇಸ್ತ್ರಿ ಕೂತಿದ್ದ ಮಂಚದ ಪಕ್ಕಕ್ಕೆ ಎಳೆದು ತಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತಳು. ಸಿಲಿಂಡರ್ ಜೋಡಿಸುವ ಕೆಲಸಕ್ಕೆ ಅವಳು ಕೈಯಿಟ್ಟದ್ದು ಅದೇ ಮೊದಲು. ಊರಿಗೆಲ್ಲ ಗ್ಯಾಸ್ ಜೋಡಿಸಿಕೊಟ್ಟ ಮೇಸ್ತ್ರಿ ಮನೆಯಲ್ಲಿ ಮಾತ್ರ, “ನೀನು ಆಚೆ ನಿಂತ್ಕೋ, ಒಂದು ಮಗ್ಗು ಸೋಪಿನ ನೀರು ತಾ” ಎನ್ನುವುದರಾಚೆಗೆ ಏನನ್ನೂ ಹೇಳಿಕೊಟ್ಟವನಲ್ಲ.

“ಹೆದರ್ಬೇಡಿ. ನಿಮ್ಮ ಬೆನ್ನ ಹಿಂದೆ ನಿಂತು ಎಷ್ಟು ಸಲ ನೋಡಿಲ್ಲ!” ಎಂದಳು.

ಹೀಟರ್ ಪೈಪಿನ ನಟ್ಟನ್ನು ಸಿಲಿಂಡರಿನ ಬಾಯಿಗಿಟ್ಟು, ಸ್ಪ್ಯಾನರ್ ಹಿಡಿದು ಎಡಕ್ಕೆ ತಿರುಗಿಸಿದಳು. ಗ್ಯಾಸಿನ ನಟ್ಟು ಉಲ್ಟಾ ತಿರುಗಿಸಿದರೇ ಬಿಗಿಯಾಗುವುದೆಂದು ಇವಳಿಗೆ ಗೊತ್ತಿದೆಯಲ್ಲ ಎಂದು ಮೇಸ್ತ್ರಿ ಹಿಗ್ಗುವಷ್ಟರಲ್ಲಿ, ನಟ್ಟು ಕೂರದೆ ಕಳಚಿ, ಗ್ಯಾಸ್ ಸೋರದಂತೆ ತಡೆಯುವ ಒಳಗಿನ ರಬ್ಬರ್ ವಾಷರ್ ಜಾರಿ ಮಂಚದಡಿಗೆ ಉರುಳಿತು. ಅವಳು ನೋಡಲಿಲ್ಲ. ಮೇಸ್ತ್ರಿ ಎಡಗೈಯಿಂದ ಮಂಚದ ಕೆಳಗೆ ತೋರಿಸಿದ.

“ಚಪ್ಪಲಿ ಬೇಕಾ? ಕಾಲು ತಣ್ಣಗಾಯ್ತಾ?” ಎನ್ನುತ್ತ ಚಪ್ಪಲಿ ತೊಡಿಸಿ, ಮತ್ತೆ ಸ್ಪ್ಯಾನರ್ ಹಿಡಿದಳು. “ಬಿಗಿಯಾಯ್ತು ನೋಡಿ. ಸರಿನಾ?”

“ಸರಿ” ಎಂದ. ನಾಲಗೆಯನ್ನೇ ಕಿತ್ತೆಸೆಯಬೇಕೆನಿಸಿತು.

ಅವಳು ವಾಲ್ವ್ ತೆರೆದಳು. ವಾಸನೆ ಹತ್ತಿದ್ದು ಮೇಸ್ತ್ರಿಗೆ ಮಾತ್ರ. ಅವಳ ಮೂಗು ನೆಗಡಿಯಿಂದ ಕಟ್ಟಿತ್ತು. ಬೆಂಕಿಪೊಟ್ಟಣ ಪಕ್ಕದಲ್ಲೇ ಇತ್ತು. ಆದರೆ ಅವಳು ಅದನ್ನು ಮುಟ್ಟದೆ ಎದ್ದು ಹೋಗಿ ಮಗ್ಗಿನ ತುಂಬ ಸೋಪಿನ ನೀರು ತಂದಾಗ ಮೇಸ್ತ್ರಿಗೆ ಹೋದ ಜೀವ ಬಂದಂತಾಯಿತು.

“ಮೊದಲು ಸೋಪಿನ ನೀರು, ಆಮೇಲೆ ಕಡ್ಡಿ ಗೀರೋದು. ನಿಮ್ಮ ಪದ್ಧತಿ ನಾನೇನು ಮರೆತಿಲ್ಲ” ಎನ್ನುತ್ತ ಅವನೆದುರು ಕೂತು, ಅವನ ಕೈಗಳನ್ನು ಮಗ್ಗಿನಲ್ಲಿ ಅದ್ದಿ, ಒಂದೊಂದೇ ಬೆರಳನ್ನು ತಿಕ್ಕಿ ತೊಳೆಯತೊಡಗಿದಳು.

ಇಷ್ಟು ವರ್ಷ ಅದು ಕೈ ತೊಳೆಯುವ ನೀರೆಂದೇ ತಿಳಿದಿದ್ದಳು. ಮೇಸ್ತ್ರಿಯ ಕಣ್ಣು ತುಂಬಿ ಬಂತು. ಇದ್ದಬದ್ದ ಬಲವನ್ನೆಲ್ಲ ಎಡಗೈಗೆ ತಂದುಕೊಂಡು ಮಗ್ಗನ್ನು ಕಸಿದು ಸಿಲಿಂಡರಿನ ತಲೆಯ ಮೇಲೆ ಮಗುಚಿದ.

“ಅಯ್ಯೋ! ನಾನೇನು ಮಾಡ್ದೆ ಅಂತ ಈ ಕೋಪ?” ಎನ್ನುತ್ತ ಬಟ್ಟೆ ತಂದು ಒರೆಸಿದಳು. ನಟ್ಟಿನ ಸುತ್ತ ಗುಳ್ಳೆಗಳೆದ್ದವು. ಮತ್ತೆ ಒರೆಸಿದಳು. ಮತ್ತೆ ಎದ್ದವು.

“ಇದ್ಯಾಕ್ರೀ, ಒರೆಸಿದಷ್ಟೂ...” ಮಾತು ಅಲ್ಲೇ ನಿಂತಿತು. ವಾಲ್ವನ್ನು ತಟ್ಟನೆ ಮುಚ್ಚಿ, ಕಿಟಕಿ ಬಾಗಿಲುಗಳನ್ನೆಲ್ಲ ತೆರೆದು, ಬಂದು ಅವನ ಕಾಲ ಬಳಿ ಕುಸಿದಳು.

“ಈ ನೀರು ಇದಕ್ಕಾ, ಗ್ಯಾಸ್ ಸೋರೋದು ನೋಡೋಕಾ? ಒಂದೇ ಒಂದು ದಿನ ಪಕ್ಕದಲ್ಲಿ ಕೂರಿಸ್ಕೊಂಡು ಹೇಳ್ಕೊಡಬಾರದಿತ್ತಾ?”

ಮೇಸ್ತ್ರಿಗೆ ಹೇಳುವುದು ಎಷ್ಟೋ ಇತ್ತು.

“ಸರಿ” ಎಂದ.

ಬೀದಿಯಲ್ಲಿ ಕೂಸಿನ ಅಳು ಕೇಳಿಸಿತು. ಕೋಣೆ ಮೊದಲಿಗಿಂತ ತಣ್ಣಗಾಗಿತ್ತು. ಮೇಸ್ತ್ರಿ ಮತ್ತೊಮ್ಮೆ ಮಂಚದ ಕೆಳಗೆ ಕೈ ತೋರಿಸಿದ. ಅವಳು ಕಣ್ಣೊರೆಸಿಕೊಂಡು, ಅವನ ಚಪ್ಪಲಿಯನ್ನು ಸರಿಯಾಗಿ ತೊಡಿಸಿದಳು.